ಗೊಲ್ಲಾಳಮ್ಮನ ಸೋವಿ–ತುಟ್ಟಿ

ಜ್ವರ ಬಂದ ಮಗುವಿನ ಕುತ್ತಿಗೆಯನ್ನು ತಾಯಿ ಮುಟ್ಟುವ ಹಾಗೆ, ಕೈ ಮಗುಚಿ, ಬೆರಳುಗಳ ಹಿಂಬದಿಯನ್ನಷ್ಟೇ ಹಗುರವಾಗಿ ತಾಗಿಸಿ, ಗೊಲ್ಲಾಳಮ್ಮ ಮಷೀನು ನೋಡುತ್ತಾಳೆ. ಅಂಗಡಿಯವನು ಡ್ರಿಲ್ಲನ್ನೋ ಕಟ್ಟರನ್ನೋ ಡಬ್ಬಿಯಿಂದ ತೆಗೆದು, ಅದರ ಬಣ್ಣ, ಅದರ ಶಕ್ತಿ, ಅದರೊಡನೆ ಪುಕ್ಕಟೆ ಸಿಗುವ ಸಾಮಾನುಗಳ ಪ್ರವರವನ್ನೆಲ್ಲ ಹೇಳಿ ಮುಗಿಸುವ ತನಕ ಸುಮ್ಮನೆ ನಿಂತಿರುತ್ತಾಳೆ. ಆಮೇಲೆ ಕೈಚೀಲದೊಳಗಿಂದ ಒಂದು ಕಲ್ಲು ತೆಗೆದು ಮೇಜಿನ ಮೇಲಿಡುತ್ತಾಳೆ. ಶಹಾಪುರದ ಗುಡ್ಡದ ಬೂದುಬಣ್ಣದ, ರೊಟ್ಟಿಯಗಲದ, ಮೈತುಂಬ ಗೀರುಗಾಯಗಳಿರುವ ಕಲ್ಲು. "ಇದರ ಮ್ಯಾಲ ಓಡ್ಸಿ ತೋರಸ್ರಿ. ಗಾಳ್ಯಾಗ ಎಲ್ಲಾ ಮಷೀನೂ ಚಂದ ಓಡ್ತಾವ," ಎನ್ನುತ್ತಾಳೆ. ಮಷೀನು ಕಲ್ಲಿನೊಳಗೆ ಇಳಿದು, ಧೂಳೆದ್ದು, ಅಂಗಡಿಯವನು ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಆಕೆಯ ಬೆರಳುಗಳು ಮಷೀನಿನ ಕುತ್ತಿಗೆಯ ಮೇಲಿರುತ್ತವೆ. ಕಾವು ಎಷ್ಟು ಬೇಗ ಏರಿತು, ಸದ್ದು ಎಲ್ಲಿ ಕುಗ್ಗಿತು, ಕೈಗೆ ನಡುಕ ಎಷ್ಟು ಬಂತು ಎಂಬುದನ್ನೆಲ್ಲ ಆ ಬೆರಳುಗಳು ಓದಿಕೊಳ್ಳುತ್ತವೆ. ತೀರ್ಪು ಒಂದೇ ಮಾತಿನದು: ಇರಲಿ, ಇಲ್ಲವೇ ಬ್ಯಾಡ.

ಆಕೆಗೀಗ ಐವತ್ತು ಸಮೀಪಿಸಿದೆ. ಕೆಂಭಾವಿಯಲ್ಲಿ ಹುಟ್ಟಿ, ಎಳೆಯ ಹರೆಯದಿಂದಲೇ ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತು ಬೆಳೆದವಳಾದ್ದರಿಂದ, ಬುಟ್ಟಿ ಇಳಿದು ಎಷ್ಟೋ ವರ್ಷಗಳಾದರೂ ಅದರ ಭಾರವನ್ನು ಮೈ ಮರೆತಿಲ್ಲ: ನೆಟ್ಟಗೆ ನಿಂತ ಕತ್ತು, ಅಲುಗದ ಹೆಗಲು, ಹಿಮ್ಮಡಿ ಊರಿ ಇಡುವ ಹೆಜ್ಜೆ. ಯಾರಾದರೂ ಪಕ್ಕದಿಂದ ಕರೆದರೆ ಮುಖವನ್ನಷ್ಟೇ ಹೊರಳಿಸುವುದು ಆಕೆಗೆ ಬಾರದು. ಇಡೀ ದೇಹವೇ ಬಾಗಿಲಿನಂತೆ ತಿರುಗಿ ಎದುರು ನಿಲ್ಲುತ್ತದೆ, ಕರೆದವನಿಗೆ ತಾನೇನೋ ತಪ್ಪು ಮಾಡಿದೆನೆಂಬ ಅಳುಕು ಹುಟ್ಟುತ್ತದೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುವುದು ಕೂಲಿಯ ಕಾಲದ ರೂಢಿ. ಬಿಸಿಲಿಗೂ ಸಿಮೆಂಟಿಗೂ ಅದಕ್ಕಿಂತ ಒಳ್ಳೆಯ ಕವಚವಿಲ್ಲ. ಈಗ ಶಹಾಪುರದಲ್ಲಿ ಸಣ್ಣ ಗುತ್ತೇದಾರಳಾಗಿ, ಕೈಕೆಳಗೆ ಎಂಟು ಹತ್ತು ಆಳುಗಳು ದುಡಿಯುತ್ತಿರುವಾಗಲೂ, ಇಂಜಿನಿಯರರ ಮುಂದೆ ನಿಲ್ಲುವಾಗಲೂ, ಬ್ಯಾಂಕಿನ ಮೆಟ್ಟಿಲೇರುವಾಗಲೂ ಆ ಅಂಗಿ ಮೈಮೇಲಿರುತ್ತದೆ. ಅದರ ಕಿಸೆಯಲ್ಲಿ ಮೊಬೈಲು, ಎಲೆಯಡಿಕೆ, ಮತ್ತು ಒಂದು ಜೊತೆ ಕಾರ್ಬನ್. ಮಷೀನಿನ ಹೊಟ್ಟೆಯಲ್ಲಿ ತಾನು ಸವೆಯುತ್ತ ಮೋಟರಿಗೆ ವಿದ್ಯುತ್ತು ದಾಟಿಸುವ, ಬೆರಳ ತುದಿಯಷ್ಟೇ ಇರುವ ಆ ಕರಿಯ ತುಣುಕು ಸಿಗದೆ ಇಡೀ ಮನೆಯ ಕೆಲಸ ನಿಂತದ್ದನ್ನು ಆಕೆ ಕಂಡಿದ್ದಾಳೆ.

ಮಾತಿನಲ್ಲಿ ಆಕೆಗೊಂದು ಆಯುಧವಿದೆ: "ಅದಿರ್ಲಿ." ಮಾರುವವನ ವಾಗ್ಝರಿ ಎಷ್ಟೇ ಭರದಿಂದ ಹರಿದು ಬಂದರೂ ಈ ಮೂರಕ್ಷರದ ಒಡ್ಡಿಗೆ ಬಂದು ನಿಂತುಬಿಡುತ್ತದೆ. ಒಂದು ವರ್ಷ ವಾರಂಟಿ ಅದ ಅಂದರೆ, "ಅದಿರ್ಲಿ. ಸೋಮವಾರ ಕೆಂಭಾವ್ಯಾಗ ಕೆಟ್ರ ವಾಪಸ್ ನನ್ನ ಕೈಗಿ ಯಾವಾಗ ಬರ್ತದ?" ಬಲು ಜೋರಿನ ಮೋಟರು ಅಂದರೆ, "ಅದಿರ್ಲಿ. ಸಂಜಿಮುಂದ ನಮ್ಮ ಕಡಿ ಲೈಟು ಮಿಣಮಿಣ ಅಂತಾವ. ಅವಾಗೂ ಇದು ಓಡ್ತದೊ, ಸುಟ್ಟಹೋಗ್ತದೊ?" ಹಗುರ ಮಷೀನು ಅಂದರೆ ಉತ್ತರವನ್ನೇ ಕೊಡದೆ ಹಿಂದೆ ನಿಂತ ಗಂಡನ ಕಡೆಗೆ ತಿರುಗುತ್ತಾಳೆ. ಶಾಂತಪ್ಪ ಮಷೀನನ್ನು ಹೆಗಲಿಗಿಂತ ಮೇಲೆತ್ತಿ, ಗೋಡೆಗೆ ತೂತು ಕೊರೆಯುವವನಂತೆ ಹಿಡಿದು, ಆಕೆ ಸಾಕು ಅನ್ನುವ ತನಕ ನಿಲ್ಲಬೇಕು. ಅಂಗಡಿಗೆ ಬಂದ ಬೇರೆ ಗಿರಾಕಿಗಳು ನಗುತ್ತಾರೆ. ಶಾಂತಪ್ಪನೂ ನಗುತ್ತಾನೆ, ತೋಳು ಇಳಿಸುವುದಿಲ್ಲ. "ತೂಕ ಅಂಗಡ್ಯಾಗ ಗೊತ್ತಾಗಂಗಿಲ್ರಿ, ಸಂಜಿಗಿ ಗೊತ್ತಾಗ್ತದ," ಎಂಬುದು ಆಕೆಯ ವಾದ.

ಈ ಶಾಂತಪ್ಪ ಗೌಂಡಿ, ಕಲ್ಲು–ಗಾರೆಯ ಕೆಲಸದವ. ನೆಲಕ್ಕೆ ಫರಸಿಕಲ್ಲು ಹಾಸುವುದರಲ್ಲಿ ಶಹಾಪುರ–ಸುರಪುರಗಳ ನಡುವೆ ಅವನ ಕೈಗೆ ಎಣೆಯಿಲ್ಲ. ಆದರೆ ದರ ಎಷ್ಟು ಎಂದು ಯಾರಾದರೂ ಕೇಳಿದೊಡನೆ ಆಕಾಶ ನೋಡುವುದು ಅವನ ಸ್ವಭಾವ. ಹೀಗೆ ಒಮ್ಮೆ ಅವನು ಆಕಾಶ ನೋಡುತ್ತಿದ್ದಾಗ ಬುಟ್ಟಿ ಹೊತ್ತು ಹಿಂದೆ ನಿಂತಿದ್ದ ಗೊಲ್ಲಾಳಮ್ಮ ತಾನೇ ಒಂದು ದರ ಹೇಳಿದಳು. ಮನೆಯ ಯಜಮಾನ ಮಾತಿಲ್ಲದೆ ಒಪ್ಪಿದ. ಅಂದಿನಿಂದ ಮಾತು ಆಕೆಯದು, ಕರಣಿ ಅವನದು. ಪಾಯಖಾನೆಗಳಿಂದ ಶುರುವಾದ ತುಂಡು ಗುತ್ತಿಗೆ ಕಂಪೌಂಡ್ ಗೋಡೆಗೆ, ಅಲ್ಲಿಂದ ಮನೆಗಳ ನೆಲಹಾಸಿಗೆ ಬೆಳೆಯಿತು. ಗಂಡ ಪ್ರೀತಿಯಿಂದಲೋ ಕೀಟಲೆಯಿಂದಲೋ ಆಕೆಯನ್ನು "ಗುತ್ತೇದಾರ್ರ" ಎಂದು ಬಹುವಚನದಲ್ಲಿ ಕರೆಯತೊಡಗಿದ.

ಗುತ್ತಿಗೆ ಬೆಳೆದ ಮೇಲೆ ಮಷೀನುಗಳು ಬೇಕಾದವು, ಮಷೀನುಗಳ ಜೊತೆಗೆ ಪಾಠಗಳೂ ಬಂದವು. ಮೊದಲ ಡ್ರಿಲ್ಲನ್ನು ಆಕೆ ಸಂತೆಯಲ್ಲಿ ಕೊಂಡಳು, ಬಲು ಸೋವಿಯಾಗಿ. ವಾರ ತುಂಬುವ ಮೊದಲೇ ಅದು ಹೊಗೆಯಾಡಿ ನಿಂತಿತು. ಆ ದಿನ ಆಳುಗಳೆಲ್ಲ ಬೇವಿನ ನೆರಳಲ್ಲಿ ಕುಳಿತು ಕತೆ ಹೇಳಿಕೊಂಡರು, ಸಂಜೆಗೆ ಪಗಾರವನ್ನು ಕೊಡಲೇಬೇಕಾಯಿತು. ಅವಮಾನಿತಳಾಗಿ ಆಕೆ ಎರಡನೆಯ ಸಲ ಎದುರು ತುದಿಗೆ ಹಾರಿದಳು: ಕಾಂಕ್ರೀಟು ಒಡೆಯುವ ದೊಡ್ಡ ಬ್ರೇಕರ್ ಒಂದನ್ನು, ಅತ್ಯಂತ ತುಟ್ಟಿಯದನ್ನೇ ಹುಡುಕಿ ತಂದಳು. ಅದು ಬಂಗಾರದಂಥ ಮಷೀನು. ಒಡೆಯುವ ಕೆಲಸ ಮಾತ್ರ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಮಂಚದ ಕೆಳಗೆ ಅದು ಮಲಗಿಯೇ ಇತ್ತು. ಕೆಟ್ಟ ಸೋವಿ ಎಷ್ಟು ತುಟ್ಟಿಯೋ ಕೂತ ತುಟ್ಟಿಯೂ ಅಷ್ಟೇ ತುಟ್ಟಿ ಎಂಬುದು ಆಕೆಗೆ ಹೀಗೆ ಎರಡೂ ಕೆನ್ನೆಗೆ ಬಿದ್ದು ತಿಳಿಯಿತು. ಆಮೇಲೆ ಆಕೆ ಕಟ್ಟಿಕೊಂಡ ಸಿದ್ಧಾಂತ ಅಡುಗೆಮನೆಯದು. "ದಿನಾ ರೊಟ್ಟಿ ಬೇಯಸೊ ಹಂಚಿನ ಸಲುವಾಗಿ ನೂರು ಸಲ ವಿಚಾರ ಮಾಡಿ ಚಲೋದು ತರಬೇಕು. ಹಬ್ಬಕ್ಕ ಬೇಕಾಗೋ ದೊಡ್ಡ ಹಂಡೆ ಬಾಜೂ ಮನಿಯಿಂದ ತಂದ್ರೂ ನಡೀತದ. ನಡುವಿನ ಬೋಗುಣಿ ಚಮಚ ಸೋವಿದಽ ಇರ್ಲಿ, ಆದ್ರ ತೂತು ಇರಬಾರದು." ಫರಸಿ ಕೊಯ್ಯುವ ಕಟ್ಟರು ಆಕೆಗೆ ರೊಟ್ಟಿಯ ಹಂಚು, ಬ್ರೇಕರು ಹಬ್ಬದ ಹಂಡೆ. ಅದನ್ನು ಮಾರಿ, ಬೇಕಾದಾಗ ಬಾಡಿಗೆಗೆ ತರತೊಡಗಿದಳು.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಮುಜಫರನ ಅಂಗಡಿಯಿದೆ. ಆಕೆ ಅಲ್ಲಿಗೆ ಮೊದಲ ಸಲ ಹೋದಾಗ ಅವನು ಶಾಂತಪ್ಪನನ್ನು ನೋಡಿ ಮಾತಾಡಿದ. ಶಾಂತಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಮುಜಫರ ಒಂದು ಹಸಿರು ಪೆಟ್ಟಿಗೆ ತೆರೆದ. ಅದರಲ್ಲಿ ಡ್ರಿಲ್ಲು, ಗ್ರೈಂಡರು, ಕಟ್ಟರು, ಇನ್ನೂ ಹೆಸರು ಗೊತ್ತಿಲ್ಲದ ಏನೇನೋ ಮದುವೆಯ ತಾಟಿನಲ್ಲಿ ಜೋಡಿಸಿಟ್ಟ ಹಾಗೆ ಹೊಳೆಯುತ್ತಿದ್ದವು. ಎಲ್ಲ ಸೇರಿ ಒಂದು ಒಳ್ಳೆಯ ಕಟ್ಟರಿನ ಬೆಲೆ.

"ಅದಿರ್ಲಿ," ಎಂದಳು ಗೊಲ್ಲಾಳಮ್ಮ. "ಇಷ್ಟರಾಗ ನಮ್ಮ ಕೆಲಸಕ್ಕ ದಿನಾ ಬೇಕಾಗೋದು ಯಾವುದು?"

"ಎಲ್ಲಾ ಬೇಕಾಗ್ತಾವ್ರಿ ಅವ್ವಾರ. ಒಂದಲ್ಲ ಒಂದಿನ."

"ಆ ಒಂದಿನ ಬಂದಾಗ ಬರ್ತೀನಿ. ಇವತ್ತು ಚಲೋ ಕಟ್ಟರ್ ಒಂದಽ ಕೊಡ್ರಿ, ಅದರ ಕಾರ್ಬನ್ ನಾಲ್ಕು ಜೋಡಿ ಕೊಡ್ರಿ. ಮೊದಲ ಇದನ್ನ ಕಲ್ಲಿನ ಮ್ಯಾಲ ಓಡಸ್ರಿ."

ಡಬ್ಬಿ ಒಡೆದರೆ ಯಾರೂ ತಗೊಳ್ಳುವುದಿಲ್ಲ ಎಂದು ಮುಜಫರ ಗೋಗರೆದ. ಆಕೆ ತಿರುಗಿ ನಡೆದಳು. ರಸ್ತೆ ದಾಟುವ ಮೊದಲೇ ಅವನು ಕರೆದ. ಆ ಕಟ್ಟರು ಕಲ್ಲು ಕೊಯ್ದು, ಜ್ವರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಹಾಪುರಕ್ಕೆ ಹೋಯಿತು, ಹೋಗಿ ಐದು ವರ್ಷ ದುಡಿಯಿತು. ಮುಜಫರನಿಗೆ ಆಕೆ ಬಂದರೆ ಅರ್ಧ ದಿನದ ವ್ಯಾಪಾರ ಹಾಳು. ಆದರೆ ಆಕೆ ಒಪ್ಪಿದ ಮಷೀನನ್ನು ಉಳಿದವರಿಗೆ ತೋರಿಸಿ, "ಇದು ಗೊಲ್ಲಾಳಮ್ಮ ಒಯ್ದ ಮಾಲು," ಎಂದರೆ ಸಾಕು, ಚೌಕಾಶಿ ಅರ್ಧಕ್ಕೆ ನಿಲ್ಲುತ್ತಿತ್ತು. ಹೀಗೆ ಇಬ್ಬರಿಗೂ ಪರಸ್ಪರ ಗೌರವವೂ ಕಿರಿಕಿರಿಯೂ ಸಮಸಮವಾಗಿ ಬೆಳೆದವು.

ಆಕೆಯ ಹತ್ತಿರ ಬಸಲಿಂಗನೆಂಬ ಆಳಿದ್ದ. ಮೂವತ್ತರ ಗಟ್ಟಿಗ, ಮಾತಿಗೆ ಮುಂಚೆ ಕೆಲಸ ಮಾಡುವವ. ಕಟ್ಟರು ಹಿಡಿದರೆ ಫರಸಿಯ ಅಂಚು ದಾರ ಹಿಡಿದಂತೆ ಬರುತ್ತಿತ್ತು. ಕಣ್ಣಿಗೆ ಕನ್ನಡಕವಿಲ್ಲದೆ, ಚಕ್ರಕ್ಕೆ ಮರೆಯಾಗುವ ತಗಡಿನ ಗಾರ್ಡ್ ಇಲ್ಲದೆ ಮಷೀನು ಮುಟ್ಟಬಾರದೆಂದು ಆಕೆ ಅವನಿಗೆ ಬೈದು ಬೈದು ಕಲಿಸಿದ್ದಳು. ಹೋದ ವರ್ಷದ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಹೆಂಡತಿ ಉಮಾಳನ್ನು ಕರೆದುಕೊಂಡು ಬಂದು ಕೈಮುಗಿದು ನಿಂತ. ಸುರಪುರದಲ್ಲಿ ಒಂದು ಹಳೆಯ ಮನೆಯ ಮೆಟ್ಟಿಲು ಮತ್ತು ನೆಲದ ಕೆಲಸ ಅವನಿಗೇ ನೇರವಾಗಿ ಸಿಕ್ಕಿತ್ತು. "ಯಕ್ಕಾ, ನಾನೂ ಗುತ್ತೇದಾರ ಆಗಾಕತ್ತೀನಿ," ಎಂದ. ಒಳ್ಳೆಯ ಆಳು ಕೈಬಿಟ್ಟು ಹೋಗುವ ಸಂಕಟವನ್ನು ನುಂಗಿಕೊಂಡು ಆಕೆ ಇಬ್ಬರಿಗೂ ಊಟ ಬಡಿಸಿದಳು. "ಮಷೀನು ಬೇಕಂದ್ರ ಯಾದಗಿರಿಗಿ ಮುಜಫರನ ಅಂಗಡಿಗಿ ಹೋಗು. ನನ್ನ ಹೆಸರು ಹೇಳು," ಎಂದಳು.

ಅವನು ಹೋದ, ಆಕೆಯ ಹೆಸರು ಹೇಳಿದ, ಒಂದು ಗ್ರೈಂಡರು ಕೊಂಡ. ಕೈಯಲ್ಲಿದ್ದುದೇ ಕಡಿಮೆಯಾದ್ದರಿಂದ ಸೋವಿಯದನ್ನೇ ಆರಿಸಿದ. ಮುಜಫರ ಹೈದರಾಬಾದಿನಿಂದ ಗಂಟುಗಟ್ಟಲೆ ತಂದು ಪೇರಿಸಿದ್ದ, ಹೆಸರಿಲ್ಲದ ಕಂಪನಿಯ ಮಾಲು ಅದು. ಮೆಟ್ಟಿಲಿನ ಕಲ್ಲು ಕೊಯ್ಯುತ್ತಿದ್ದಾಗ ಒಂದು ಮಧ್ಯಾಹ್ನ ಚಕ್ರ ಕಲ್ಲಿನ ಸಂದಿಯಲ್ಲಿ ಕಚ್ಚಿಕೊಂಡಿತು. ಮಷೀನು ಹಿಂದಕ್ಕೆ ಚಿಮ್ಮಿತು. ಬಸಲಿಂಗ ಹೆಬ್ಬೆರಳಿನಿಂದ ಸ್ವಿಚ್ಚನ್ನು ಹಿಂದಕ್ಕೆ ಎಳೆದ. ಸ್ವಿಚ್ಚು ಬಂತು, ಮಷೀನು ನಿಲ್ಲಲಿಲ್ಲ. ಗಾರ್ಡ್ ಇತ್ತು, ಕನ್ನಡಕ ಇತ್ತು, ಹೇಳಿಕೊಟ್ಟದ್ದೆಲ್ಲ ಇತ್ತು. ತಿರುಗುತ್ತಲೇ ಇದ್ದ ಚಕ್ರ ಅವನ ಎಡಗೈಯ ಹೆಬ್ಬೆರಳಿನ ಬುಡವನ್ನು ಸೀಳಿ ಹೋಯಿತು.

ಸುರಪುರದಿಂದ ಕಲಬುರಗಿಗೆ ಒಯ್ದಿದ್ದರು. ಗೊಲ್ಲಾಳಮ್ಮ ಶಾಂತಪ್ಪನೊಡನೆ ಅಲ್ಲಿಗೆ ಹೋದಾಗ ಉಮಾ ವಾರ್ಡಿನ ಹೊರಗೆ ಒಂದು ಚೀಲವನ್ನು ಕಾಲಬಳಿ ಇಟ್ಟುಕೊಂಡು ಕುಳಿತಿದ್ದಳು. ಗಡಿಬಿಡಿಯಲ್ಲಿ ಗಂಡನ ಬಟ್ಟೆಯ ಜೊತೆ ಯಾರೋ ಆ ಗ್ರೈಂಡರನ್ನೂ ಅದರಲ್ಲಿ ತುಂಬಿಬಿಟ್ಟಿದ್ದರು. ಗೊಲ್ಲಾಳಮ್ಮ ಚೀಲದ ಬಾಯಿ ಸರಿಸಿ ನೋಡಿದಳು.

ಆ ಮಷೀನಿನ ಗುರುತು ಆಕೆಗಿತ್ತು. ಯುಗಾದಿಯ ಮುಂಚೆ ಇದೇ ಜಾತಿಯದನ್ನು ಮುಜಫರ ಹುರುಪಿನಿಂದ ತೋರಿಸಿದ್ದ. ಕಲ್ಲು ಚೆನ್ನಾಗಿ ಕೊಯ್ದಿತ್ತು, ಬೇಗ ಕಾಯಲಿಲ್ಲ, ಬೆಲೆಯೂ ಸೋವಿ. ಆರಿಸುವಾಗ ಮಾತ್ರ ಸ್ವಿಚ್ಚು ಹಿಂದಕ್ಕೆ ಬಂದ ಮೇಲೂ ಮೋಟರು ಒಂದು ಉಸಿರಿನಷ್ಟು ಹೊತ್ತು ಓಡಿಯೇ ಇತ್ತು. ಆಕೆ ಅದನ್ನು ಕೆಳಗಿಟ್ಟು ಬ್ಯಾಡ ಅಂದಿದ್ದಳು. ಯಾಕೆಂದು ಅವನು ಕೇಳಿದಾಗ, "ನನ್ನ ಕೈಗಿ ಒಗ್ಗಂಗಿಲ್ಲ," ಎಂದಷ್ಟೇ ಹೇಳಿದ್ದಳು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಒಬ್ಬರ ವ್ಯಾಪಾರ ಕೆಡಿಸುವುದು ಸಭ್ಯತೆಯಲ್ಲ. ತನ್ನ ಗಂಟು ಉಳಿಯಿತು, ಉಳಿದವರ ಗಂಟು ಅವರವರಿಗೆ. ಆ ಹೊತ್ತಿಗೆ ಅದು ಜಾಣತನದಂತೆಯೇ ಕಂಡಿತ್ತು.

ಒಳಗೆ ಬಸಲಿಂಗ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಆಕೆ ಮಂಚದ ಅಂಚಿಗೆ ಕುಳಿತು ಅಂಗಡಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮುಚ್ಚಿಡಬಹುದಿತ್ತು, ಶಾಂತಪ್ಪ ವಾರ್ಡಿನ ಬಾಗಿಲಲ್ಲಿ ಆ ಮಾತು ಆಡಿಯೂ ಇದ್ದ. ಬಸಲಿಂಗ ಪೂರ್ತಿ ಕೇಳಿದ. ಆಮೇಲೆ, "ನಿನ್ನ ಹೆಸರು ಹೇಳಿ ತಗೊಂಡಿದ್ದೆ ಯಕ್ಕಾ," ಎಂದು ಗೋಡೆಯ ಕಡೆಗೆ ಹೊರಳಿದ. ಉಮಾ ಬಾಗಿಲ ತನಕ ಬಂದು, "ಈಗ ಹೋಗಿ ಬರ್ರಿ," ಎಂದಳು. ಚೀಲದೊಳಗಿನ ಮಷೀನನ್ನು ಗೊಲ್ಲಾಳಮ್ಮ ಕೇಳಿ ತೆಗೆದುಕೊಂಡಳು.

ಮರುದಿನ ಆಕೆ ಶಾಂತಪ್ಪನೊಡನೆ ಮುಜಫರನ ಅಂಗಡಿಗೆ ಹೋದಾಗ ಒಳಗೆ ಗಿರಾಕಿಗಳಿದ್ದರು. ಅವರು ಹೋಗುವ ತನಕ ಹೊರಗಿನ ಕಟ್ಟೆಯ ಮೇಲೆ ಕಾದಳು. ಆಮೇಲೆ ಗ್ರೈಂಡರನ್ನು ಮೇಜಿನ ಮೇಲಿಟ್ಟಳು, ಕಲ್ಲನ್ನೂ ಇಟ್ಟಳು.

"ಬಸಲಿಂಗಗ ಹ್ಯಾಂಗದ ಈಗ, ಅವ್ವಾರ?" ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಹೆಬ್ಬಟ್ಟು ಮಡಚಂಗಿಲ್ಲ ಅಂದಾರ. ಪ್ಲಗ್ ಹಾಕ್ರಿ. ನೀವಽ ಹಿಡೀರಿ."

ಮುಜಫರ ಹಿಡಿದ. ಓಡಿಸಿ ಆರಿಸಿದ, ನಿಂತಿತು. ಇನ್ನೊಮ್ಮೆ, ನಿಂತಿತು. "ಬಂದ್ ಆಗಾಕತ್ತದಲ್ರಿ," ಎಂದ, ಧೈರ್ಯ ತಂದುಕೊಂಡು. ಆಕೆ ಕಲ್ಲು ಮುಂದಕ್ಕೆ ಸರಿಸಿದಳು. ಕಲ್ಲಿನ ಮೇಲೆ ಒತ್ತಿ ಹಿಡಿದು ಓಡಿಸುವಾಗ, ಹೊರೆ ಬಿದ್ದು ಮೈ ಕಾದ ಮೇಲೆ, ಅವನ ಹೆಬ್ಬೆರಳು ಸ್ವಿಚ್ಚನ್ನು ಎಳೆಯಿತು. ಮಷೀನು ಅವನ ಕೈಯಲ್ಲಿ ಓಡುತ್ತಲೇ ಉಳಿಯಿತು. ಅದನ್ನು ಕೆಳಗಿಡುವ ಹಾಗಿಲ್ಲ, ಹಿಡಿದು ನಿಲ್ಲುವ ಹಾಗಿಲ್ಲ. ಗೊಲ್ಲಾಳಮ್ಮ ನಡೆದು ಹೋಗಿ ಪ್ಲಗ್ ಕಿತ್ತಳು.

"ನಿಮಗ ಗೊತ್ತಿತ್ತೇನು?" ಎಂದಳು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎರಡು ಮಷೀನು ವಾಪಸ್ ಬಂದಿದ್ವು. ಧೂಳು ಕುಂತಿರಬೇಕಂತ ಒರೆಸಿ ಕೊಟ್ಟು ಕಳಿಸಿದೆ. ನನ್ನ ಬಂಡವಾಳೆಲ್ಲಾ ಆ ಮಾಲಿನಾಗ ಕುಂತದರಿ."

"ನನಗೂ ಗೊತ್ತಿತ್ತು. ಕೈಗಿ ಒಗ್ಗಂಗಿಲ್ಲ ಅಂತ ಹೇಳಿ ಹೋದೆ, ಸ್ವಿಚ್ ಕೆಟ್ಟದ ಅಂತ ಹೇಳಲಿಲ್ಲ. ನೀವು ಮಾರಿ ಸುಮ್ಮನ ಕುಂತ್ರಿ, ನಾ ನೋಡಿ ಸುಮ್ಮನ ಕುಂತೆ." ಕಲ್ಲನ್ನು ಕೈಚೀಲಕ್ಕೆ ಹಾಕಿಕೊಂಡು ಕೇಳಿದಳು: "ಇನ್ನೂ ಯಾರ್ಯಾರ ಕೈಯಾಗ ಅದಾವ ಇವು?"

ಅವನು ನೆನಪಿಸಿಕೊಂಡು ಹೇಳಿದ: ಶಹಾಪುರ, ಸುರಪುರ, ಕೆಂಭಾವಿ, ವಡಗೇರಾ, ಮುದನಾಳ. "ಎಲ್ಲಾ ವಾಪಸ್ ತಗೊಂಡ್ರ ಮುಳುಗ್ತೀನ್ರಿ ಅವ್ವಾರ."

"ಮುಳುಗಂಗಿಲ್ಲ, ತಮ್ಮಾ," ಎಂದಳು. ಅವನನ್ನು ಸಾವಕಾರ ಎನ್ನದೆ ತಮ್ಮಾ ಎಂದದ್ದು ಅದೇ ಮೊದಲು. "ಈ ವರ್ಷ ನನ್ನ ಎಲ್ಲಾ ಖರೀದಿ ನಿನ್ನ ಹತ್ತರಽ. ಚೌಕಾಶಿ ಮಾಡಂಗಿಲ್ಲ." ಗೊಲ್ಲಾಳಮ್ಮನನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತು, ಹೆಂಡತಿಯ ಹಿಂದೆ ನಿಂತಿದ್ದ ಶಾಂತಪ್ಪ ಬೆಚ್ಚಿ ಆಕೆಯ ಮುಖ ನೋಡಿದ.

ಶಾಂತಪ್ಪನ ಸಾಮಾನಿನ ಆಟೋದಲ್ಲಿ ಮೂವರೂ ಹೊರಟರು. ಕೆಟ್ಟ ಮಾಲನ್ನು ಮಾರುವುದಕ್ಕಿಂತ ವಾಪಸ್ ಪಡೆಯುವುದು ಕಷ್ಟ ಎಂಬುದು ದಾರಿಯುದ್ದಕ್ಕೂ ತಿಳಿಯಿತು. ಮುಜಫರ ಮಷೀನು ವಾಪಸ್ ಒಯ್ದು, ಬೆಲೆ ಏರಿಸಿ ಬೇರೆಯವರಿಗೆ ಮಾರಲು ಬಂದಿದ್ದಾನೆಂದು ಕೆಲವರು ಶಂಕಿಸಿದರು. ಕೆಂಭಾವಿಯಲ್ಲಿ ಒಬ್ಬ ಚಹಾ ಕುಡಿಸಿ ಕಳಿಸಿದ, ಮಷೀನು ಕೊಡಲಿಲ್ಲ. ಕೊಡುವ ತನಕ ಗೊಲ್ಲಾಳಮ್ಮ ಅವನ ಅಂಗಳದಿಂದ ಏಳಲಿಲ್ಲ. ವಡಗೇರಾದ ಗುತ್ತೇದಾರನೊಬ್ಬ ನಡುಮನೆಯಲ್ಲಿ ಕೂತು ಸಾಫಾಗಿ ಹೇಳಿದ: "ಸೋವಿ ಸಿಕ್ಕದ, ಚಲೋ ಕೊಯ್ತದ. ಯಾಕ ಕೊಡ್ಲಿ?"

"ಅದಿರ್ಲಿ. ಅದನ್ನ ದಿನಾ ಹಿಡಿಯೋರು ಯಾರು?"

"ನನ್ನ ತಮ್ಮ."

"ಅವನ್ನ ಕರೀರಿ. ಅವನ ಮುಂದ ಹೇಳ್ತೀನಿ. ಅವ ಬ್ಯಾಡ ಅಂದ್ರ ಬಿಟ್ಟು ಹೋಗ್ತೀವಿ."

ತಮ್ಮ ಬಂದ, ಮೈಗೆಲ್ಲ ಕಲ್ಲಿನ ಹಿಟ್ಟು ಮೆತ್ತಿಕೊಂಡಿದ್ದ ಸಣಕಲು ಮನುಷ್ಯ. ಆಕೆ ಸ್ವಿಚ್ಚಿನ ಸಂಗತಿ ಹೇಳುತ್ತಿದ್ದಂತೆ ಅವನು ತಲೆಯಾಡಿಸಿದ. "ಹೌದ್ರಿ. ಒಮ್ಮೊಮ್ಮೆ ನಿಲ್ಲಂಗಿಲ್ಲ. ನಾ ಕಾಲಿಲೆ ವಾಯರ್ ಜಗ್ಗಿ ಪ್ಲಗ್ ಕಿತ್ತಿ ನಿಲ್ಲಸ್ತೀನಿ."

"ನನಗ್ಯಾಕ ಹೇಳಲಿಲ್ಲೊ?" ಎಂದ ಅಣ್ಣ.

"ಸೋವಿ ಸಿಕ್ಕದ ಅಂತ ಖುಷ್ಯಾಗಿದ್ದಿ," ಎಂದ ತಮ್ಮ.

ಅಣ್ಣ ಎದ್ದು ಒಳಗೆ ಹೋಗಿ ಮಷೀನನ್ನು ತಾನೇ ತಂದು ಆಟೋದಲ್ಲಿಟ್ಟ. ಮುಜಫರ ಬೆಲೆಯನ್ನು ಹಿಂದಿರುಗಿಸಲು ಹೋದಾಗ ಅದನ್ನು ಮುಟ್ಟದೆ, "ನಿಲ್ಲೋದು ಒಂದು ಕೊಡ್ರಿ, ಹೆಚ್ಚಿಗಿ ಆದದ್ದು ಕೊಡ್ತೀನಿ," ಎಂದ. ಶಾಂತಪ್ಪ ಆಟೋ ತಿರುಗಿಸುವಾಗ ಆ ತಮ್ಮ ಅಂಗಳದಲ್ಲಿ ನಿಂತು ತನ್ನ ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ.

ಮುದನಾಳದ್ದೊಂದು ಕೊನೆಗೂ ಸಿಗಲಿಲ್ಲ. ಅದನ್ನು ಕೊಂಡವನು ಪುಣೆಯ ಕಡೆ ಕೆಲಸಕ್ಕೆ ಹೋಗುವ ಯಾರಿಗೋ ಮಾರಿದ್ದ. ಹೆಸರು ನೆನಪಿರಲಿಲ್ಲ, ಫೋನ್ ನಂಬರು ಹತ್ತಲಿಲ್ಲ. ಆ ಮಷೀನಿನ ವಿಚಾರ ಬಂದಾಗ ಇಂದಿಗೂ ಗೊಲ್ಲಾಳಮ್ಮನ ಮುಖದ ಮೇಲೆ ಒಂದು ಮೋಡ ಹಾಯುತ್ತದೆ.

ಹೈದರಾಬಾದಿನ ಸಗಟು ವ್ಯಾಪಾರಿ ಜಗಳಾಡಿ ಜಗಳಾಡಿ ಅರ್ಧ ಮಾಲನ್ನು ವಾಪಸ್ ಪಡೆದ. ಉಳಿದ ಅರ್ಧದ ನಷ್ಟ ಮುಜಫರನದು. ಗೊಲ್ಲಾಳಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮುಂದಿನ ಸಲ ಕಟ್ಟರು ಕೊಳ್ಳಲು ಹೋದಾಗ ಅವನು ಹೇಳಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಎಣಿಸಿ ಇಟ್ಟಳು. ಮುಜಫರ ಆ ಮೌನವನ್ನು ಸಹಿಸಲಾರದೆ ಚಡಪಡಿಸಿದ. "ಏನರ ಅನ್ರಿ ಅವ್ವಾರ," ಎಂದ. ಆಕೆ ಕಾರ್ಬನ್ ಜೋಡಿ ಎಣಿಸಿ ಕಿಸೆಗೆ ಹಾಕಿಕೊಂಡಳು. ಕೊನೆಗೆ ಅವನೇ ಒಂದಿಷ್ಟು ತೆಗೆದು ಆಕೆಯ ಮುಂದೆ ಸರಿಸಿದ. ಆಕೆ ಅದನ್ನು ಅವನ ಕಡೆಗೆ ಸರಿಸಿದಳು. ಶಾಂತಪ್ಪ ಆ ದುಡ್ಡಿನಲ್ಲಿ ಮೂವರಿಗೂ ಮಿರ್ಚಿ ಭಜಿ ತರಿಸಿದ.

ಅದಾದ ಮೇಲೆ ಮುಜಫರ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಒಂದು ಪ್ಲಗ್ ಹಾಕಿಸಿದ್ದಾನೆ, ಪಕ್ಕದಲ್ಲಿ ಗ್ರಾನೈಟಿನ ತುಂಡುಗಳ ರಾಶಿ. ಯಾವ ಗಿರಾಕಿಯೇ ಆಗಲಿ ಓಡಿಸಿ, ಆರಿಸಿ, ಒಪ್ಪಿ ಒಯ್ಯಬಹುದು. ಗೊಲ್ಲಾಳಮ್ಮ ಯಾದಗಿರಿಗೆ ಹೋದ ದಿನ ಆ ಕಟ್ಟೆಗೆ ನಾಲ್ಕು ಜನ ಸಣ್ಣ ಗುತ್ತೇದಾರರು ಬಂದು ಕಾಯುತ್ತಾರೆ. ಆಕೆ ಈಗ ಬ್ಯಾಡ ಎಂದು ಸುಮ್ಮನಾಗುವುದಿಲ್ಲ. ಯಾಕೆ ಬ್ಯಾಡ ಎಂಬುದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾಳೆ. ಶಹಾಪುರದ ಇನ್ನೊಬ್ಬ ಅಂಗಡಿಕಾರ, ಗಿರಾಕಿಗಳ ಮುಂದೆ ಹೀಗೆ ಮಾತಾಡುವುದಾದರೆ ನಮ್ಮಲ್ಲಿಗೆ ಬರಬೇಡಿರೆಂದ. ಆಕೆ ಹೋಗುವುದನ್ನು ಬಿಟ್ಟಳು; ಅವನ ಗಿರಾಕಿಗಳು ಆಕೆಯ ಮನೆಗೇ ಬರತೊಡಗಿದರು.

ಬಸಲಿಂಗ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ಆಕೆ ಒತ್ತಾಯಿಸಲಿಲ್ಲ, ಅವನು ಒಪ್ಪಿಕೊಂಡಿದ್ದ ಸುರಪುರದ ಮೆಟ್ಟಿಲ ಕೆಲಸವನ್ನು ತನ್ನ ಆಳುಗಳಿಂದ ಮುಗಿಸಿ, ಬಂದ ಬಿಲ್ಲಿನ ಹಣವನ್ನು ಉಮಾಳ ಕೈಗೆ ತಲುಪಿಸಿ ಬಂದಳು. ಬಸಲಿಂಗನ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಮಷೀನು ಹಿಡಿಯುವ ಕೆಲಸವನ್ನು ಬೇರೆಯವರಿಗೆ ವಹಿಸಿ, ಅಳತೆ ಹಾಕುವುದು, ದಾರ ಹಿಡಿಯುವುದು, ಲೆಕ್ಕ ಕಟ್ಟುವುದು ಅವನು ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ದಸರೆ ಕಳೆದು ಶಹಾಪುರದಲ್ಲಿ ಒಂದು ಕಂಪೌಂಡಿನ ಗುತ್ತಿಗೆ ಸಿಕ್ಕಾಗ ಆಕೆಯ ಬಾಗಿಲಿಗೆ ಬಂದು ಒಳಗೆ ಬಾರದೆ ನಿಂತ. "ಕಟ್ಟರ್ ತಗೋಬೇಕಾಗ್ಯಾದ," ಎಂದ. "ನೀ ಬರ್ತಿಯೇನು?" ಆಕೆ ಗಂಡನ ಅಂಗಿ ತೊಟ್ಟುಕೊಂಡು ಹೊರಗೆ ಬಂದಳು. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅಂಗಡಿಯಲ್ಲಿ ಮಾತ್ರ ಯಾವ ಮಷೀನು ಎಂಬುದರ ಮೇಲೆ ಗಟ್ಟಿಯಾಗಿ ವಾದ ಮಾಡಿದರು, ಬಸಲಿಂಗ ಗೆದ್ದ.

ಉಳ್ಳವರು ತಪ್ಪು ಖರೀದಿ ಮಾಡಿದರೆ ಮತ್ತೊಂದು ಕೊಳ್ಳುತ್ತಾರೆ. ತಪ್ಪು ಅವರಿಗೆ ಒಂದು ಖರ್ಚು ಮಾತ್ರ. ಚಿಕ್ಕ ಗಂಟಿನ ಮೇಲೆ ಬದುಕು ಕಟ್ಟುವವರಿಗೆ ಎರಡನೆಯ ಸರದಿಯಿಲ್ಲ, ಹಾಗಾಗಿ ಅವರ ಬೆರಳಿಗೆ ಕಣ್ಣು ಮೂಡುತ್ತದೆ, ಕಿವಿಗೆ ನಾಲಗೆ ಮೂಡುತ್ತದೆ. ಈ ಎಚ್ಚರ ನಮ್ಮ ಸೀಮೆಯ ಮನೆಮನೆಯಲ್ಲಿದೆ. ಆದರೆ ಬಹುಪಾಲು ಅದು ಸೆರಗಿನ ಗಂಟಿನಲ್ಲೇ ಉಳಿಯುತ್ತದೆ, ತಾನು ಮೋಸಹೋಗಲಿಲ್ಲವೆಂಬ ನೆಮ್ಮದಿಯಷ್ಟೇ ಅದರ ಫಲ. ಆ ಗಂಟನ್ನು ಹತ್ತು ಜನರ ನಡುವೆ ಬಿಚ್ಚಿ, ಮಾರುವವನ ಮುನಿಸನ್ನೂ ಕೊಳ್ಳುವವನ ಶಂಕೆಯನ್ನೂ ಹೊತ್ತು, ಇದು ಬ್ಯಾಡ, ಇದಕ್ಕಾಗಿ ಬ್ಯಾಡ ಎಂದು ಹೇಳುವವರು ಊರಿಗೆ ಒಬ್ಬರಿದ್ದರೆ ಹೆಚ್ಚು. ಅವರ ಹೆಸರು ಯಾವ ಕಟ್ಟಡದ ಕಲ್ಲಿನ ಮೇಲೂ ಇರುವುದಿಲ್ಲ. ಅವರಿದ್ದಲ್ಲಿ ಸಂಜೆ ಕೆಲಸ ಮುಗಿಸಿದ ಮಂದಿ ಧೂಳು ಕೊಡವಿಕೊಂಡು, ಹತ್ತೂ ಬೆರಳುಗಳೊಂದಿಗೆ ಮನೆಗೆ ಹೋಗಿ ರೊಟ್ಟಿ ಮುರಿಯುತ್ತಾರೆ, ಅಷ್ಟೇ.